ಎಂಕ್‌ಹೈಜನ್ನಿನ ಕಾಲುವೆ: ಒಂದು ನಿಶ್ಶಬ್ದಚಿತ್ರದ ಸಾಕ್ಷ್ಯವಿಚಾರ

ಆಂಸ್ಟರ್‌ಡಾಂ ನಗರದ ರೈಕ್ಸ್‌ಮ್ಯೂಸಿಯಂ ಎಂಬ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಕಾರ್ನೆಲಿಸ್ ಸ್ಪ್ರಿಂಗರ್ ಎಂಬ ಡಚ್ಚ ಚಿತ್ರಕಾರನು ಕ್ರಿ. ಶ. ೧೮೬೮ರಲ್ಲಿ ಬರೆದ ಒಂದು ತೈಲಚಿತ್ರವಿದೆ. ‘ಎಂಕ್‌ಹೈಜನ್ನಿನ ಜೈಡರ್‌ಹಾವನ್‌ಡೈಕ್’ ಎಂಬುದು ಅದಕ್ಕೆ ನಡೆದುಬಂದಿರುವ ಹೆಸರು. ಎಂಕ್‌ಹೈಜನ್ ಎಂಬುದು ಹಾಲೆಂಡಿನ ಉತ್ತರಭಾಗದಲ್ಲಿ, ಹಿಂದೆ ಜೈಡರ್ ಜೀ ಎಂದು ಕರೆಯಲ್ಪಡುತ್ತಿದ್ದ ಒಳಗಡಲಿನ ಪಶ್ಚಿಮತೀರದಲ್ಲಿರುವ ಒಂದು ಸಣ್ಣ ಪಟ್ಟಣ. ಚಿತ್ರದ ವಿಷಯವು ಅತ್ಯಲ್ಪವಾದುದು: ಊರೊಳಗಿನ ನೀರು, ನೀರಿನ ಅಂಚಿನ ದಂಡೆ, ದಂಡೆಯ ಮೇಲೆ ಹಳೆಯ ಕಾಲದ ಇಟ್ಟಿಗೆಯ ಮನೆಗಳು, ತಮ್ಮ ತಮ್ಮ ಸಣ್ಣ ಕೆಲಸಗಳಲ್ಲಿ ತೊಡಗಿರುವ ಕೆಲವೇ ಜನ. ಯುದ್ಧವಿಲ್ಲ, ಉತ್ಸವವಿಲ್ಲ, ಕಥೆಯಿಲ್ಲ. ಇದನ್ನು ನೋಡಿದವರೆಲ್ಲರೂ ಮೊದಲು ಆಡುವ ಮಾತು ‘ಎಷ್ಟು ಶಾಂತವಾಗಿದೆ’ ಎಂಬುದು.

ಆದರೆ ಚಿತ್ರದ ಹೆಸರನ್ನು ಬಿಡಿಸಿ ನೋಡಿದರೆ ಒಂದು ವಿರೋಧವು ತಲೆದೋರುತ್ತದೆ. ಡಚ್ಚರ ನುಡಿಯಲ್ಲಿ ‘ಜೈಡರ್’ ಎಂದರೆ ತೆಂಕಣದಿಕ್ಕಿನದು, ‘ಹಾವನ್’ ಎಂದರೆ ಬಂದರು, ‘ಡೈಕ್’ ಎಂದರೆ ನೀರನ್ನು ತಡೆಯುವ ಕಟ್ಟೆ. ಒಟ್ಟಿನಲ್ಲಿ ‘ತೆಂಕಣ ಬಂದರಿನ ಕಟ್ಟೆ’ ಎಂದಾಯಿತು. ಹೆಸರು ಬಂದರೆಂದು ಹೇಳುತ್ತಿದೆ. ಕಣ್ಣಿಗೆ ಬೀಳುವುದು ಮಾತ್ರ ಗದ್ದಲವಿಲ್ಲದ ಕಾಲುವೆ. ಶಬ್ದಕ್ಕೂ ಪ್ರತ್ಯಕ್ಷಕ್ಕೂ ಹೀಗೆ ವಿರೋಧ ಬಂದಾಗ ಎರಡರಲ್ಲಿ ಒಂದನ್ನು ತಳ್ಳಿಹಾಕುವುದು ಸುಲಭವಾದ ಮಾರ್ಗ. ಇತಿಹಾಸವನ್ನು ಬರೆಯುವವನಿಗೆ ಆ ಸೌಲಭ್ಯವಿಲ್ಲ. ದೂರಸಮುದ್ರದ ಹಡಗುಗಳಿರಬೇಕಾದ ಕಡೆಯಲ್ಲಿ ಅವು ಏಕೆ ಇಲ್ಲ, ಇಲ್ಲವೆಂಬುದನ್ನು ಚಿತ್ರಕಾರನು ಕಂಡು ಬರೆದನೋ ಕಲ್ಪಿಸಿ ಬರೆದನೋ ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು.

ಈ ವಿಷಯದಲ್ಲಿ ಎರಡು ಪಕ್ಷಗಳಿರಬಹುದು. ಚಿತ್ರಕಾರನು ಸ್ಥಳಕ್ಕೆ ಹೋಗಿ ನೋಡಿ ಬರೆದುದರಿಂದ ಚಿತ್ರವು ಶಾಸನಕ್ಕೆ ಸಮಾನವಾದ ಸಾಕ್ಷ್ಯವೆಂಬುದು ಒಂದು. ಅವನು ಮನೆಯಲ್ಲಿ ಕುಳಿತು ಗಿರಾಕಿಯ ರುಚಿಗೆ ತಕ್ಕಂತೆ ಬರೆದುದರಿಂದ ಅದು ಕಾವ್ಯವೇ ಹೊರತು ಸಾಕ್ಷ್ಯವಲ್ಲವೆಂಬುದು ಇನ್ನೊಂದು. ಎರಡೂ ಪಕ್ಷಗಳು ದುರ್ಬಲವಾದುವೆಂದು ತೋರುತ್ತದೆ.

ಚಿತ್ರದ ಸತ್ಯಾಸತ್ಯವನ್ನು ಕುರಿತ ವಿಚಾರವು ಸಂಸ್ಕೃತಶಾಸ್ತ್ರಗಳಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವು ಚಿತ್ರಗಳನ್ನು ವಿಂಗಡಿಸುವಾಗ, ಕನ್ನಡಿಯಲ್ಲಿ ಬಿದ್ದ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದನ್ನು ವಿದ್ಧಚಿತ್ರವೆಂದೂ, ನೋಡಿದ ಮಾತ್ರಕ್ಕೆ ಶೃಂಗಾರಾದಿ ರಸವನ್ನು ಉಂಟುಮಾಡುವುದನ್ನು ಭಾವಚಿತ್ರವೆಂದೂ ಬೇರೆ ಬೇರೆ ಹೇಳುತ್ತದೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಲೋಕಸಾದೃಶ್ಯವುಳ್ಳದ್ದಕ್ಕೆ ‘ಸತ್ಯ’ವೆಂದೇ ಹೆಸರಿಟ್ಟಿದೆ. ಅಲಂಕಾರಶಾಸ್ತ್ರಜ್ಞರಲ್ಲಿ ಶಂಕುಕನು ಹೇಳಿದ ಚಿತ್ರತುರಗನ್ಯಾಯವು ಇದಕ್ಕಿಂತಲೂ ಸೂಕ್ಷ್ಮವಾದುದು: ಬರೆದ ಕುದುರೆಯನ್ನು ಕಂಡವನಿಗೆ ಉಂಟಾಗುವ ‘ಇದು ಕುದುರೆ’ ಎಂಬ ಜ್ಞಾನವು ಯಥಾರ್ಥವಲ್ಲ, ಭ್ರಮೆಯಲ್ಲ, ಸಂಶಯವಲ್ಲ, ಬರಿಯ ಸಾದೃಶ್ಯಜ್ಞಾನವೂ ಅಲ್ಲ, ಅದು ಇವೆಲ್ಲಕ್ಕೂ ಬೇರೆಯಾದ ಒಂದು ಪ್ರತೀತಿ. ಹಾಗಾದರೆ ಬರೆದ ಕುದುರೆಯಿಂದ ನಿಜವಾದ ಕುದುರೆಯ ಸಂಗತಿ ಏನಾದರೂ ತಿಳಿಯಬಹುದೆ? ತಿಳಿಯಬಹುದು, ಆದರೆ ಆ ಕುದುರೆಯನ್ನು ಬರೆದವನಾರು, ಎಲ್ಲಿ ಕಂಡು ಬರೆದನು, ಯಾರಿಗಾಗಿ ಬರೆದನು ಎಂಬುದನ್ನು ಬೇರೆ ಪ್ರಮಾಣಗಳಿಂದ ತಿಳಿದಮೇಲೆ.

ಆದುದರಿಂದ ಮೊದಲು ಬರೆದವನ ವಿಚಾರ. ಸ್ಪ್ರಿಂಗರನು ೧೮೧೭ರಲ್ಲಿ ಆಂಸ್ಟರ್‌ಡಾಮಿನಲ್ಲಿ ಹುಟ್ಟಿದನು. ಅವನ ಮನೆತನದ ಕಸುಬು ಕಟ್ಟಡ ಕಟ್ಟುವುದು. ವಾಸ್ತುಶಿಲ್ಪಿಯಾದ ಅಣ್ಣನಿಂದ ಅವನು ಕಟ್ಟಡಗಳ ಅಂಗೋಪಾಂಗಗಳನ್ನೂ, ದೂರದ ವಸ್ತು ಚಿಕ್ಕದಾಗಿ ಸಮೀಪದ ವಸ್ತು ದೊಡ್ಡದಾಗಿ ತೋರುವಂತೆ ಗೆರೆಯೆಳೆಯುವ ಕ್ರಮವನ್ನೂ ಕಲಿತನು. ಅನಂತರ ಕಾಸ್ಪರಸ್ ಕಾರ್ಸನ್ ಎಂಬ ಚಿತ್ರಕಾರನ ಶಿಷ್ಯನಾದನು. ಈ ಗುರುವು ನಗರದೃಶ್ಯಗಳನ್ನು ಬರೆಯುವುದರಲ್ಲಿ ಹೆಸರಾದವನಾದರೂ, ಒಂದು ಊರಿನ ಗೋಪುರ, ಇನ್ನೊಂದು ಊರಿನ ಸೇತುವೆ, ಮೂರನೆಯದೊಂದರ ಮನೆಸಾಲು ಹೀಗೆ ಕೂಡಿಸಿ ಎಲ್ಲಿಯೂ ಇಲ್ಲದ ಊರನ್ನು ನಿರ್ಮಿಸುವುದು ಅವನಿಗೆ ಪ್ರಿಯವಾಗಿದ್ದಿತು. ಶಿಷ್ಯನ ಮೊದಲಿನ ಚಿತ್ರಗಳೂ ಇದೇ ಜಾತಿಯವು. ಶತಮಾನದ ಮಧ್ಯಭಾಗದ ಹೊತ್ತಿಗೆ ಅವನು ಈ ಕಲ್ಪನಾನಗರಗಳನ್ನು ಬಿಟ್ಟು ಇರುವ ಊರುಗಳ ಕಡೆಗೆ ತಿರುಗಿದನು. ಬೇಸಗೆಯಲ್ಲಿ ಊರೂರು ಸುತ್ತಿ ಸ್ಥಳದಲ್ಲಿಯೇ ಸೀಸದ ಕಡ್ಡಿಯಿಂದ ರೇಖಾಚಿತ್ರಗಳನ್ನು ಮಾಡಿಕೊಳ್ಳುವುದು, ಚಳಿಗಾಲದಲ್ಲಿ ಮನೆಗೆ ಮರಳಿ ಅವುಗಳ ಆಧಾರದ ಮೇಲೆ ತೈಲವರ್ಣದಲ್ಲಿ ಬರೆಯುವುದು ಅವನ ಪದ್ಧತಿಯಾಯಿತು. ಜೈಡರ್ ಜೀ ತೀರದ ಹಳೆಯ ಪಟ್ಟಣಗಳೆಂದರೆ ಅವನಿಗೆ ವಿಶೇಷವಾದ ಒಲವು.

ಇಷ್ಟರಿಂದ ಮೊದಲನೆಯ ಪಕ್ಷವು ಸಿದ್ಧವಾಯಿತೆಂದು ಹೇಳಲಾಗುವುದಿಲ್ಲ. ಬೇಸಗೆಯ ಗೆರೆಗೂ ಚಳಿಗಾಲದ ಬಣ್ಣಕ್ಕೂ ನಡುವೆ ಕೆಲವು ತಿಂಗಳುಗಳ ಅಂತರವಿದೆ. ಆ ಅಂತರದಲ್ಲಿ ಸ್ಪ್ರಿಂಗರನು ಸುಮ್ಮನೆ ಕುಳಿತಿರಲಿಲ್ಲ. ತನ್ನ ಕಾಲದಲ್ಲಿ ಮಾರ್ಪಾಟು ಹೊಂದಿದ್ದ ಕಟ್ಟಡಗಳಿಗೆ ಹದಿನೇಳನೆಯ ಶತಮಾನದಲ್ಲಿ ಅವಕ್ಕಿದ್ದ ರೂಪವನ್ನು ಮರಳಿ ಕೊಡುವುದು, ಹೊಸದಾಗಿ ಕಟ್ಟಿದ್ದನ್ನು ಬಿಟ್ಟುಬಿಡುವುದು ಅವನ ವಾಡಿಕೆ. ಜೀರ್ಣೋದ್ಧಾರವನ್ನು ಅವನು ಕುಂಚದಿಂದಲೇ ಮಾಡುತ್ತಿದ್ದನೆನ್ನಬಹುದು. ಇದೇ ರೈಕ್ಸ್‌ಮ್ಯೂಸಿಯಮಿನಲ್ಲಿ ಅವನು ೧೮೫೨ರಲ್ಲಿ ಬರೆದ ಇನ್ನೊಂದು ಚಿತ್ರವಿದೆ. ಡೆಲ್ಫ್ಟ್ ಕಾಲುವೆಯ ಕಡೆಯಿಂದ ಕಾಣುವ ಹೇಗ್ ನಗರವು ಅದರ ವಿಷಯ. ಆದರೆ ಅದು ೧೮೫೨ರ ಹೇಗ್ ಅಲ್ಲ. ಹದಿನೇಳನೆಯ ಶತಮಾನದಲ್ಲಿ ಆ ನಗರ ಹೇಗಿದ್ದಿತೋ ಹಾಗೆ ತೋರಿಸುವುದೇ ಅದರ ಉದ್ದೇಶವೆಂದು ಚಿತ್ರದ ಹೆಸರೇ ಹೇಳುತ್ತದೆ. ಅದೇ ೧೮೫೨ರಲ್ಲಿ ಆಂಸ್ಟರ್‌ಡಾಮಿನಲ್ಲಿ ರೆಂಬ್ರಾಂಟನ ಪ್ರತಿಮೆಯ ಅನಾವರಣವು ನಡೆಯಿತೆಂಬುದನ್ನು ಜೊತೆಗಿಟ್ಟು ನೋಡಿದರೆ, ಆ ಕಾಲದ ಡಚ್ಚರ ಮನಸ್ಸು ಎತ್ತ ತಿರುಗಿದ್ದಿತೆಂಬುದು ಸ್ಪಷ್ಟವಾಗುತ್ತದೆ. ೧೮೩೦ರಲ್ಲಿ ಬೆಲ್ಜಿಯಂ ಪ್ರತ್ಯೇಕವಾಗಿಹೋದ ಮೇಲೆ ಉಳಿದ ಸಣ್ಣ ರಾಜ್ಯವು, ಇನ್ನೂರು ವರ್ಷಗಳ ಹಿಂದೆ ತಾನು ಎಷ್ಟು ದೊಡ್ಡದಾಗಿದ್ದೆನೆಂಬುದನ್ನು ನೆನೆದು ನೆನೆದು ಸಮಾಧಾನಪಟ್ಟುಕೊಳ್ಳುತ್ತಿದ್ದಿತು. ಆ ವೈಭವಕಾಲದಲ್ಲಿ ಯಾನ್ ವಾನ್ ಡರ್ ಹೈಡನ್ ಎಂಬಾತನು ಗೋಡೆಯ ಒಂದೊಂದು ಇಟ್ಟಿಗೆಯೂ ಎಣಿಕೆಗೆ ಸಿಕ್ಕುವಂತೆ ಕಾಲುವೆಯ ದೃಶ್ಯಗಳನ್ನು ಬರೆದಿದ್ದನು. (ಊರಿಗೆ ಬೆಂಕಿ ಬಿದ್ದಾಗ ನೀರು ಹಾಯಿಸುವ ತೊಗಲಿನ ಕೊಳವೆಯನ್ನು ಕಂಡುಹಿಡಿದವನೂ ಇವನೇ, ಕಟ್ಟಡಗಳನ್ನು ಬರೆಯುವುದರ ಜೊತೆಗೆ ಉಳಿಸುವುದರಲ್ಲಿಯೂ ಇವನಿಗೆ ಶ್ರದ್ಧೆಯಿದ್ದಿತು.) ಸ್ಪ್ರಿಂಗರನ ಕಾಲದ ರಸಿಕರು ಬಯಸಿದ್ದು ಆ ಹಳೆಯ ಕೈಯ ಇಟ್ಟಿಗೆಗಳನ್ನೇ.

ಇಷ್ಟನ್ನು ಕೇಳಿದವರು ಎರಡನೆಯ ಪಕ್ಷಕ್ಕೆ ವಾಲುವುದು ಸಹಜ. ಹಳೆಯ ವೈಭವವನ್ನು ತೋರಿಸುವುದಷ್ಟೇ ಸ್ಪ್ರಿಂಗರನ ಗುರಿಯಾಗಿದ್ದರೆ ಎಂಕ್‌ಹೈಜನ್ನಿನ ಕಟ್ಟೆಯ ಮೇಲೆ ಅವನು ಏನನ್ನು ಬರೆಯಬೇಕಾಗಿದ್ದಿತು? ಒತ್ತಾಗಿ ನಿಂತ ಪಟಸ್ತಂಭಗಳನ್ನು, ಮೀನಿನ ಪೀಪಾಯಿಗಳ ರಾಶಿಯನ್ನು, ಮೂಟೆ ಹೊರುವವರ ನೂಕುನುಗ್ಗಲನ್ನು ಬರೆಯಬೇಕಾಗಿದ್ದಿತು. ಹದಿನೇಳನೆಯ ಶತಮಾನದ ಎಂಕ್‌ಹೈಜನ್ ಎಂದರೆ ಅದೇ. ಅವನು ಅದನ್ನು ಬರೆಯಲಿಲ್ಲ. ಮನೆಗಳ ಮುಖಗಳನ್ನು ಹಿಂದಿನ ಕಾಲಕ್ಕೆ ಒಯ್ಯಲು ಹಿಂಜರಿಯದ ಕೈ, ನೀರಿನ ಮೇಲಣ ಬರಿದನ್ನು ಹಾಗೆಯೇ ಬಿಟ್ಟಿತು. ಎಲ್ಲಿ ಬದಲಿಸಲು ಸಾಧ್ಯವಿದ್ದು, ಬದಲಿಸುವ ಅಭ್ಯಾಸವೂ ಇದ್ದು, ಆದರೂ ಬದಲಿಸಲಿಲ್ಲವೋ ಅಲ್ಲಿ ಚಿತ್ರಕಾರನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಇನ್ನು ಆ ಪಟ್ಟಣದ ಚರಿತ್ರೆ. ಎಂಕ್‌ಹೈಜನ್ನಿನ ಲಾಂಛನದಲ್ಲಿ ಕಿರೀಟ ತೊಟ್ಟ ಮೂರು ಮೀನುಗಳಿವೆ. ಹೆರಿಂಗ್ ಎಂಬ ಈ ಮೀನು ಕನ್ನಡ ಕರಾವಳಿಯವರು ಬೂತಾಯಿ ಎನ್ನುವ ಮೀನಿನ ಕುಲಕ್ಕೇ ಸೇರಿದುದು; ಉತ್ತರಸಮುದ್ರದಲ್ಲಿ ಹಿಡಿದು, ಹಡಗಿನಲ್ಲಿಯೇ ಕರುಳು ತೆಗೆದು ಉಪ್ಪು ಬೆರಸಿ, ಪೀಪಾಯಿಗಳಲ್ಲಿ ತುಂಬಿ ಯೂರೋಪಿನ ಉದ್ದಗಲಕ್ಕೂ ಮಾರುತ್ತಿದ್ದರು. ಮೀನಿಗೆ ಕಿರೀಟ ತೊಡಿಸಿದ ಊರಿನವರ ಕೃತಜ್ಞತೆಯನ್ನು ನೋಡಿ ನಗುವವರು ನಗಲಿ. ಆ ಊರಿನ ಗೋಡೆ, ಗೋಪುರ, ಇಗರ್ಜಿಗಳೆಲ್ಲ ಎದ್ದುದು ಆ ಮೀನಿನಿಂದ. ಬಂದರಿನ ಬಾಯಲ್ಲಿ ಕಾವಲಿಗಾಗಿ ೧೫೪೦ರಲ್ಲಿ ಕಟ್ಟಿದ ದಪ್ಪನೆಯ ಬುರುಜು ಈಗಲೂ ನಿಂತಿದೆ. ಅದಕ್ಕೆ ಡ್ರೊಮೆಡಾರಿಸ್ ಎಂದು, ಎಂದರೆ ಒಂಟೆಯೆಂದು ಹೆಸರು. ೧೫೭೨ರಲ್ಲಿ ಸ್ಪೇನಿನ ದೊರೆಯ ವಿರುದ್ಧವಾಗಿ ಆರೆಂಜಿನ ವಿಲಿಯಮನ ಪಕ್ಷವನ್ನು ಹಿಡಿದ ಹಾಲೆಂಡಿನ ಪಟ್ಟಣಗಳ ಮುಂಚೂಣಿಯಲ್ಲಿ ಎಂಕ್‌ಹೈಜನ್ ಇದ್ದಿತು.

ವಿದ್ಯೆಯೂ ಹಣವನ್ನು ಹಿಂಬಾಲಿಸಿ ಬಂದಿತು. ಈ ಊರಿನ ನಾವಿಕನಾದ ಲೂಕಾಸ್ ವಾಗನಾರನು ೧೫೮೪ರಲ್ಲಿ ಪ್ರಕಟಿಸಿದ ಸಮುದ್ರಪಟಗಳ ಸಂಪುಟಕ್ಕೆ ‘ನೌಕಾಯಾನದ ಕನ್ನಡಿ’ ಎಂಬರ್ಥದ ಹೆಸರಿದೆ. ಸಾದೃಶ್ಯಚಿತ್ರಕ್ಕೆ ಸೋಮೇಶ್ವರನು ಕೊಟ್ಟ ಕನ್ನಡಿಯ ಉಪಮಾನವೇ ನಾಲ್ಕೂವರೆ ಶತಮಾನಗಳ ತರುವಾಯ ಡಚ್ಚ ನಾವಿಕನಿಗೂ ಹೊಳೆದುದು ಯಾದೃಚ್ಛಿಕವಾದರೂ ಸ್ವಾರಸ್ಯವಾಗಿದೆ. ಇಂಗ್ಲಿಷ್ ನಾವಿಕರು ಅನಂತರದ ಸಮುದ್ರಪಟಗಳ ಪುಸ್ತಕಗಳನ್ನೆಲ್ಲ ಈತನ ಹೆಸರಿನಿಂದಲೇ ಕರೆಯತೊಡಗಿದರು. ಇದೇ ಊರಿನಲ್ಲಿ ಬೆಳೆದ ಯಾನ್ ಹೈಗನ್ ವಾನ್ ಲಿನ್‌ಸ್ಕೋಟನ್ ಎಂಬಾತನು ೧೫೮೩ರಿಂದ ೧೫೮೮ರವರೆಗೆ ಗೋವೆಯಲ್ಲಿ ಪೋರ್ತುಗೀಸ್ ಆರ್ಚ್‌ಬಿಷಪ್ಪನ ಕರಣಿಕನಾಗಿದ್ದು, ೧೫೯೨ರಲ್ಲಿ ಎಂಕ್‌ಹೈಜನ್ನಿಗೆ ಮರಳಿ, ತಾನು ಕಂಡುಕೇಳಿದ್ದನ್ನು ‘ಇಟಿನೆರಾರಿಯೊ’ ಎಂಬ ಗ್ರಂಥವಾಗಿ ೧೫೯೬ರಲ್ಲಿ ಹೊರಡಿಸಿದನು. ಅದರಲ್ಲಿ ಗೋವೆಯಿಂದ ತೆಂಕಣಕ್ಕಿರುವ ಹೊನ್ನಾವರ, ಬಸರೂರು, ಮಂಗಳೂರುಗಳ ಪ್ರಸ್ತಾಪವಿರುವುದರಿಂದ ಕನ್ನಡನಾಡಿನ ಚರಿತ್ರೆಗೂ ಅದು ಬೇಕಾದ ಗ್ರಂಥವೇ. ಅದರಲ್ಲಿ ಬರುವ ‘ಕನಾರಿನ್’ ಜನರು ಮಾತ್ರ ಕನ್ನಡಿಗರಲ್ಲ, ಗೋವೆಯ ಒಕ್ಕಲುಮಕ್ಕಳು. ಪೋರ್ತುಗೀಸರು ಕೊಂಕಣಿಯನ್ನು ‘ಕನಾರಿಂ’ ಭಾಷೆಯೆಂದು ಕರೆದು ಮಾಡಿದ ಗೊಂದಲವು ೧೬೪೦ರಲ್ಲಿ ಅಚ್ಚಾದ ಸ್ಟೀಫನ್ಸನ ಕೊಂಕಣೀ ವ್ಯಾಕರಣದ ಹೆಸರಿನಲ್ಲಿಯೂ ಉಳಿದಿದೆ. ಲಿನ್‌ಸ್ಕೋಟನನ ಗ್ರಂಥಕ್ಕೆ ಟಿಪ್ಪಣಿ ಬರೆದವನು ಎಂಕ್‌ಹೈಜನ್ನಿನ ನಗರವೈದ್ಯನಾದ ಪಾಲುಡಾನಸ್. ಶಂಖ, ಬೀಜ, ಮೂಲಿಕೆ, ವಿಚಿತ್ರವಸ್ತುಗಳ ಅವನ ಸಂಗ್ರಹವನ್ನು ನೋಡಲು ದೂರದೇಶಗಳಿಂದ ಪಂಡಿತರು ಬರುತ್ತಿದ್ದರು.

೧೬೦೨ರಲ್ಲಿ ಡಚ್ಚ ಈಸ್ಟ್ ಇಂಡಿಯಾ ಕಂಪನಿಯು ಸ್ಥಾಪಿತವಾದಾಗ ಅದರ ಆರು ಶಾಖೆಗಳಲ್ಲಿ ಒಂದು ಎಂಕ್‌ಹೈಜನ್ನಿನಲ್ಲಿ ನೆಲಸಿತು. ಸುಮಾರು ೬೪ ಲಕ್ಷ ಗಿಲ್ಡರುಗಳ ಆರಂಭದ ಬಂಡವಾಳದಲ್ಲಿ ಈ ಊರಿನವರು ತೊಡಗಿಸಿದ್ದು ೫,೪೦,೦೦೦. ಆಂಸ್ಟರ್‌ಡಾಂ, ಮಿಡಲ್‌ಬರ್ಗ್ ಎರಡನ್ನು ಬಿಟ್ಟರೆ ಇಷ್ಟು ಹಣವನ್ನು ಹಾಕಿದ ಪಟ್ಟಣ ಬೇರೊಂದಿಲ್ಲ. ಡೆಲ್ಫ್ಟ್, ರಾಟರ್‌ಡಾಂ, ಹೋರ್ನ್‌ಗಳು ಹಿಂದೆ ಬಿದ್ದುವು. ಆದರೆ ಕಂಪನಿಯ ಸನ್ನದು ವ್ಯಾಪಾರವನ್ನು ಹಂಚಿದ್ದು ಹಾಕಿದ ಹಣವನ್ನು ನೋಡಿ ಅಲ್ಲ: ಆಂಸ್ಟರ್‌ಡಾಮಿಗೆ ಅರ್ಧ, ಮಿಡಲ್‌ಬರ್ಗಿರುವ ಜೀಲೆಂಡ್ ಪ್ರಾಂತಕ್ಕೆ ಕಾಲು, ಉಳಿದ ನಾಲ್ಕಕ್ಕೂ ಹದಿನಾರರಲ್ಲಿ ಒಂದೊಂದು ಪಾಲು. ಹದಿನೇಳು ಮಂದಿಯ ಆಡಳಿತಸಭೆಯಲ್ಲಿ ಆಂಸ್ಟರ್‌ಡಾಮಿನವರು ಎಂಟು ಮಂದಿ, ಎಂಕ್‌ಹೈಜನ್ನಿನವನು ಒಬ್ಬನೇ. ಈ ಹಂಚಿಕೆಯಲ್ಲಿಯೇ ಮುಂದಿನ ಕಥೆಯ ಬೀಜವಿದೆಯೆನ್ನಬಹುದು. ಆದರೂ ೧೬೨೨ರ ಜನಗಣತಿಯ ಕಾಲಕ್ಕೆ ಗೋಡೆಯೊಳಗಿನ ಜನಸಂಖ್ಯೆ ೨೦,೦೦೦ವನ್ನು ಮೀರಿದ್ದಿತು.

ಸ್ಪ್ರಿಂಗರನು ಹುಟ್ಟಿ ಬೆಳೆದು ಹೆಸರಾಗುವ ಹೊತ್ತಿಗೆ, ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ, ಅದೇ ಗೋಡೆಯೊಳಗೆ ವಾಸವಾಗಿದ್ದವರು ಸುಮಾರು ೫,೦೦೦ ಮಂದಿ. ನಾಲ್ವರಿದ್ದ ಮನೆಯಲ್ಲಿ ಒಬ್ಬನು ಉಳಿದಂತಾಯಿತು. ಇದಕ್ಕೆ ಕಾರಣವಾದ ಸಂಗತಿ ಒಂದೇ ಅಲ್ಲ. ೧೬೫೨ರಿಂದ ೧೬೭೪ರವರೆಗೆ ಇಂಗ್ಲಿಷರೊಡನೆ ನಡೆದ ಮೂರು ಯುದ್ಧಗಳಲ್ಲಿಯೂ ಅನಂತರ ಫ್ರೆಂಚರೊಡನೆ ನಡೆದ ಯುದ್ಧಗಳಲ್ಲಿಯೂ ಮೀನಿನ ಹಡಗುಗಳು ಶತ್ರುಗಳಿಗೆ ಸುಲಭವಾದ ಬೇಟೆಯಾದುವು. ದೂರದೇಶಗಳ ವ್ಯಾಪಾರವನ್ನು ಆಂಸ್ಟರ್‌ಡಾಂ ತನ್ನ ಕಡೆಗೆ ಸೆಳೆದುಕೊಂಡಿತು. ಜೈಡರ್ ಜೀ ಮೊದಲೇ ಆಳವಿಲ್ಲದ ಕಡಲು. ಹಡಗುಗಳ ಗಾತ್ರ ಹೆಚ್ಚುತ್ತ ಬಂದಂತೆಲ್ಲ ಅದರ ಮರಳದಿಬ್ಬಗಳೂ ಹೂಳೂ ಹೆಚ್ಚು ಹೆಚ್ಚಾಗಿ ಬಾಧಿಸತೊಡಗಿದುವು. ೧೭೯೯ರ ಕೊನೆಯಲ್ಲಿ ಕಂಪನಿಯೇ ಇಲ್ಲವಾಯಿತು. ನೆಪೋಲಿಯನ್ನನು ಇಂಗ್ಲೆಂಡಿನ ವ್ಯಾಪಾರಕ್ಕೆ ಹಾಕಿದ ತಡೆಯು ಡಚ್ಚರ ಬಂದರುಗಳನ್ನೇ ಒಣಗಿಸಿತು. ಕೊನೆಯ ಪೆಟ್ಟು ೧೮೨೪ರಲ್ಲಿ ಬಿದ್ದಿತು: ಆಂಸ್ಟರ್‌ಡಾಮಿನಿಂದ ಉತ್ತರದ ಡೆನ್ ಹೆಲ್ಡರಿಗೆ ಸುಮಾರು ೫೦ ಮೈಲಿ ಉದ್ದದ ಹಡಗುಗಾಲುವೆಯನ್ನು ಅಗೆದು ಮುಗಿಸಿದರು; ಅಂದಿನಿಂದ ದೊಡ್ಡ ಹಡಗುಗಳು ಜೈಡರ್ ಜೀಯನ್ನು ಹಾಯ್ದುಹೋಗಬೇಕಾದ ಅಗತ್ಯವೇ ತಪ್ಪಿಹೋಯಿತು. ಕಾಲುವೆಯೊಂದು ಅಗೆಯಲ್ಪಟ್ಟುದರಿಂದ ಇನ್ನೊಂದೂರಿನ ಕಾಲುವೆ ನಿಶ್ಶಬ್ದವಾಯಿತು.

ಜನರು ಹೋದಮೇಲೆ ಮನೆಗಳು ಉಳಿಯಲಿಲ್ಲ. ಬಾಡಿಗೆಗೆ ಬರುವವರಿಲ್ಲದೆ ತೆರಿಗೆ ಮಾತ್ರ ತೆರಬೇಕಾಗಿ ಬಂದ ಮನೆಯನ್ನು ಕೆಡವಿ, ಇಟ್ಟಿಗೆ ಮರಮುಟ್ಟುಗಳನ್ನು ಮಾರಿಕೊಳ್ಳುವುದೇ ಲಾಭವಾಯಿತು. ಬೀದಿಗೆ ಬೀದಿಯೇ ಹೀಗೆ ಅಳಿದು, ಕೋಟೆಯ ಗೋಡೆಯೊಳಗೆ ತೋಟಗಳೂ ಹುಲ್ಲುಗಾವಲುಗಳೂ ಆದುವು. ಸ್ಪ್ರಿಂಗರನ ಚಿತ್ರಕ್ಕೆ ಆರು ವರ್ಷಗಳ ತರುವಾಯ, ೧೮೭೪ರಲ್ಲಿ, ಆಂರಿ ಅವಾರ್ ಎಂಬ ಫ್ರೆಂಚ್ ಲೇಖಕನು ದೋಣಿಯಲ್ಲಿ ಈ ತೀರವನ್ನು ಸುತ್ತಿ ಬರೆದ ಪ್ರವಾಸಗ್ರಂಥಕ್ಕೆ ‘ಜೈಡರ್ ಜೀಯ ಮೃತನಗರಗಳು’ ಎಂಬರ್ಥದ ಹೆಸರನ್ನಿಟ್ಟನು. ಎಂಕ್‌ಹೈಜನ್ ಆ ಮೃತನಗರಗಳಲ್ಲಿ ಒಂದು. ಚಿತ್ರದ ನಿಶ್ಶಬ್ದತೆಯು ಚಿತ್ರಕಾರನ ಕಲ್ಪನೆಯಲ್ಲವೆಂಬುದಕ್ಕೆ ಚಿತ್ರಕ್ಕೆ ಹೊರಗಿನ ಈ ಸಾಕ್ಷಿಯು ಬಲವಾದುದು.

ಇಲ್ಲಿ ನ್ಯಾಯಶಾಸ್ತ್ರದ ಒಂದು ವಿವೇಕವು ಬಹಳ ಉಪಯೋಗಕ್ಕೆ ಬರುತ್ತದೆ. ‘ಇಲ್ಲ’ ಎಂಬ ಮಾತಿಗೆ ನೈಯಾಯಿಕರು ಒಂದೇ ಅರ್ಥವನ್ನು ಹೇಳುವುದಿಲ್ಲ. ಗಾಳಿಯಲ್ಲಿ ಬಣ್ಣವಿಲ್ಲವೆಂಬುದು ಅತ್ಯಂತಾಭಾವ. ಮೂರು ಕಾಲಕ್ಕೂ ಅಲ್ಲಿ ಅದಿಲ್ಲ. ಕುಂಬಾರನು ಇನ್ನೂ ಮಾಡದಿರುವ ಗಡಿಗೆಯು ಇಲ್ಲವೆಂಬುದು ಪ್ರಾಗಭಾವ. ಒಡೆದುಹೋದ ಗಡಿಗೆಯು ಇಲ್ಲವೆಂಬುದು ಪ್ರಧ್ವಂಸಾಭಾವ. ಕಣ್ಣಿಗೆ ಮೂರೂ ಒಂದೇ. ಬರಿಯ ನೆಲ ಕಾಣುತ್ತದೆ. ಯಾವುದರ ಅಭಾವವೋ ಆ ಪ್ರತಿಯೋಗಿಯನ್ನು ತಿಳಿಯದವನಿಗೆ ಅಭಾವದ ಜ್ಞಾನವೇ ಹುಟ್ಟುವುದಿಲ್ಲ. ಗಡಿಗೆಯನ್ನು ಎಂದೂ ಕಾಣದವನು ‘ಇಲ್ಲಿ ಗಡಿಗೆಯಿಲ್ಲ’ ಎಂದು ಹೇಳಲಾರನು.

ಸ್ಪ್ರಿಂಗರನ ಚಿತ್ರವನ್ನು ನೋಡಿ ‘ಶಾಂತವಾಗಿದೆ’ ಎನ್ನುವವರು ಅಲ್ಲಿಯ ನಿಶ್ಶಬ್ದತೆಯನ್ನು ಅತ್ಯಂತಾಭಾವವೆಂದು ತಿಳಿಯುತ್ತಾರೆ. ಎಂದೆಂದಿಗೂ ಹೀಗೆಯೇ ಇದ್ದ, ಲೋಕದ ಗದ್ದಲವು ಎಂದೂ ಮುಟ್ಟದ ಒಂದು ಊರೆಂದು ಅವರ ಭಾವನೆ. ಪ್ರತಿಯೋಗಿಯು ಅವರಿಗೆ ತಿಳಿಯದು. ಹೆರಿಂಗ್ ಹಡಗುಗಳನ್ನೂ ಲಿನ್‌ಸ್ಕೋಟನನನ್ನೂ ಕಂಪನಿಯ ೫,೪೦,೦೦೦ ಗಿಲ್ಡರುಗಳನ್ನೂ ಬಲ್ಲವನಿಗೆ ಅದೇ ನೀರಿನ ಮೇಲೆ ಪ್ರಧ್ವಂಸಾಭಾವವು ಕಾಣುತ್ತದೆ. ಚಿತ್ರಸೂತ್ರವು ಚಿತ್ರದಲ್ಲಿ ನವರಸಗಳನ್ನೂ ಒಪ್ಪುತ್ತದೆ, ಶಾಂತವೂ ಅವುಗಳಲ್ಲಿ ಒಂದು. ಆದರೆ ಶಾಂತಕ್ಕೆ ಸ್ಥಾಯಿಯು ಶಮ. ಆಸೆಯು ಅಡಗಿದುದರಿಂದ ಬರುವ ಸ್ಥಿತಿ ಅದು. ಎಂಕ್‌ಹೈಜನ್ನಿನವರು ಆಸೆಯನ್ನು ಬಿಟ್ಟವರಲ್ಲ, ಕಸುಬನ್ನು ಕಳೆದುಕೊಂಡವರು. ಹಾಗೆಂದು ಇದನ್ನು ಕರುಣರಸದ ಚಿತ್ರವೆಂದೂ ಹೇಳಲಾಗದು, ಏಕೆಂದರೆ ಚಿತ್ರದೊಳಗಿನ ಜನರು ಶೋಕಿಸುತ್ತಿಲ್ಲ. ಕಳೆದುದನ್ನು ಕಂಡವರಲ್ಲಿ ಯಾರೂ ಅಲ್ಲಿ ಬದುಕಿ ಉಳಿದಿರಲಿಲ್ಲ. ರಸದ ವಿಷಯದಲ್ಲಿ ಪ್ರೇಕ್ಷಕನ ಪೂರ್ವಜ್ಞಾನವೇ ಇಲ್ಲಿ ನಿರ್ಣಾಯಕವಾಗುತ್ತದೆ.

ಇದೇ ಕ್ರಮದಲ್ಲಿ ಇನ್ನೊಂದು ಅಭಾವವನ್ನೂ ಗಮನಿಸಬೇಕು. ಹಾಲೆಂಡಿನ ಮೊದಲ ರೈಲುದಾರಿಯು ಆಂಸ್ಟರ್‌ಡಾಮಿನಿಂದ ಹಾರ್ಲೆಮಿಗೆ ೧೮೩೯ರಲ್ಲಿಯೇ ಬಿದ್ದಿದ್ದರೂ ೧೮೬೮ರ ಎಂಕ್‌ಹೈಜನ್ನಿಗೆ ರೈಲು ಬಂದಿರಲಿಲ್ಲ. ದೊಡ್ಡ ನಗರಗಳ ಕಾಲುವೆಗಳಿಗೆ ಆ ಕಾಲದಲ್ಲಿ ಬೇರೆಯೇ ಗತಿ ಕಾದಿದ್ದಿತು. ಹಾಲೆಂಡಿನ ಊರೊಳಗಿನ ನೀರು ದೋಣಿಗಳ ದಾರಿಯಾಗಿದ್ದಂತೆ ಮನೆಗಳ ಕೊಳಚೆಯ ದಾರಿಯೂ ಆಗಿದ್ದಿತು. ಕಾಲರಾ ಜಾಡ್ಯವು ೧೮೩೨ರಲ್ಲಿ ಮೊದಲು ಕಾಣಿಸಿಕೊಂಡು ಮತ್ತೆ ಮತ್ತೆ ಮರುಕಳಿಸಿತು. ಚಿತ್ರಕ್ಕೆ ಎರಡೇ ವರ್ಷ ಹಿಂದಿನ ೧೮೬೬ರ ಹಾವಳಿಯಲ್ಲಿ ದೇಶದಲ್ಲಿ ಸತ್ತವರ ಸಂಖ್ಯೆ ಸುಮಾರು ೨೦,೦೦೦. ಗಾಡಿಗಳಿಗೂ ಟ್ರಾಮುಗಳಿಗೂ ಎಡೆ ಬೇಕೆಂಬ ಕಾರಣವೂ ನಾತ ರೋಗಗಳ ಕಾರಣವೂ ಕೂಡಿ, ಆಂಸ್ಟರ್‌ಡಾಮಿನಲ್ಲಿ ಕಾಲುವೆಗಳನ್ನು ಮಣ್ಣು ಹಾಕಿ ಮುಚ್ಚತೊಡಗಿದರು: ನಿಯೂವೆಜೈಡ್ಸ್ ವೋರ್‌ಬರ್ಗ್‌ವಾಲ್ ೧೮೮೪ರಲ್ಲಿ, ರೋಜನ್‌ಗ್ರಾಕ್ಟ್ ೧೮೮೯ರಲ್ಲಿ ಬೀದಿಗಳಾದುವು. ಚಿತ್ರಕ್ಕೆ ಗಂಧವಿಲ್ಲದಿರುವುದು ಕೊಂಡುಕೊಳ್ಳುವವನ ಪುಣ್ಯ. ಸ್ಪ್ರಿಂಗರನ ಚಿತ್ರಗಳನ್ನು ಕೊಂಡ ನಗರದ ಸಿರಿವಂತರು ಬೆಳಗ್ಗೆ ಮೂಗು ಮುಚ್ಚಿಕೊಂಡು ದಾಟಿದ ಕಾಲುವೆಯಂಥದನ್ನೇ ಸಂಜೆ ತಮ್ಮ ಗೋಡೆಯ ಮೇಲೆ ನೋಡಿ ಮೆಚ್ಚಿರಬೇಕು.

ಹೀಗೆ ವಿಚಿತ್ರವಾದ ಒಂದು ಸಂಗತಿಯು ಹೊರಬೀಳುತ್ತದೆ. ಏಳಿಗೆಯಲ್ಲಿದ್ದ ನಗರವು ತನ್ನ ಹಳೆಯ ಕಾಲುವೆಗಳನ್ನು ತಾನೇ ಮುಚ್ಚಿತು; ಬಡವಾದ ಪಟ್ಟಣವು ಮುಚ್ಚಲು ಹಣವಿಲ್ಲದೆ, ಮುಚ್ಚಬೇಕಾದ ಕಾರಣವೂ ಇಲ್ಲದೆ ಉಳಿಸಿಕೊಂಡಿತು. ಸ್ಪ್ರಿಂಗರನು ಪ್ರತಿ ಬೇಸಗೆಯಲ್ಲಿಯೂ ಆಂಸ್ಟರ್‌ಡಾಮನ್ನು ಬಿಟ್ಟು ಜೈಡರ್ ಜೀ ತೀರದ ಮೃತನಗರಗಳನ್ನು ಏಕೆ ಅರಸಿಕೊಂಡು ಹೋಗುತ್ತಿದ್ದನೆಂಬ ಪ್ರಶ್ನೆಗೆ ಇದೇ ಉತ್ತರ. ಹದಿನೇಳನೆಯ ಶತಮಾನದ ಮನೆಗಳ ಸಾಲು ಇಡಿಯಾಗಿ ನೋಡಸಿಕ್ಕುತ್ತಿದ್ದುದು ಹದಿನೇಳನೆಯ ಶತಮಾನದ ವ್ಯಾಪಾರವು ಸತ್ತ ಕಡೆಯಲ್ಲಿ ಮಾತ್ರ.

ಕನ್ನಡದ ಕರಾವಳಿಯನ್ನು ಬಲ್ಲ ವಾಚಕರಿಗೆ ಇಲ್ಲಿ ಬಸರೂರಿನ ನೆನಪು ಬಂದೇ ಬರುತ್ತದೆ. ಲಿನ್‌ಸ್ಕೋಟನನು ಹೆಸರಿಸಿದ ಆ ಪಟ್ಟಣವು ಸೆಟ್ಟಿಗಳ ಅಕ್ಕಿಯ ವ್ಯಾಪಾರಕ್ಕೆ ಹೆಸರಾಗಿದ್ದು, ೧೫೬೯ರಲ್ಲಿ ಪೋರ್ತುಗೀಸರು ಅಲ್ಲಿ ಕೋಟೆ ಹಿಡಿದರು. ಕೆಳದಿಯ ಶಿವಪ್ಪನಾಯಕನು ಅವರನ್ನು ಹೊರಡಿಸಿದಮೇಲೆ ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಡಚ್ಚ ಕಂಪನಿಯ ಕೋಠಿಯೂ ಕೆಲವು ಕಾಲ ಇದ್ದಿತು. ಎಂದರೆ ಎಂಕ್‌ಹೈಜನ್ನಿನ ಪಾಲೂ ಸೇರಿದ್ದ ಹಣವು ಆ ಹೊಳೆಯ ದಂಡೆಯಲ್ಲಿ ಅಕ್ಕಿಯನ್ನು ಕೊಂಡಿತು. ಇಂದು ಬಸರೂರು ದೇವಾಲಯಗಳೂ ಶಾಸನಗಳೂ ತುಂಬಿದ ಗದ್ದಲವಿಲ್ಲದ ಗ್ರಾಮ. ಅಲ್ಲಿಯ ಹೊಳೆಯ ದಂಡೆಯಲ್ಲಿ ನಿಂತವನಿಗೂ ಪ್ರತಿಯೋಗಿಯ ಜ್ಞಾನವಿಲ್ಲದಿದ್ದರೆ ತೋರುವುದು ತೆಂಗಿನ ಮರಗಳ ನೆರಳು ಮಾತ್ರ.

ಪ್ರಧ್ವಂಸಾಭಾವಕ್ಕೆ ಆದಿಯುಂಟು, ಅಂತ್ಯವಿಲ್ಲವೆಂಬುದು ಶಾಸ್ತ್ರದ ನಿಯಮ. ಒಡೆದ ಗಡಿಗೆಯು ಮತ್ತೆ ಹುಟ್ಟದು, ಹುಟ್ಟುವುದು ಬೇರೊಂದು ಗಡಿಗೆ. ಎಂಕ್‌ಹೈಜನ್ನಿನಲ್ಲಿಯೂ ಹಾಗೆಯೇ ಆಯಿತು. ೧೮೮೫ರಲ್ಲಿ ಹೋರ್ನ್ ಪಟ್ಟಣದ ಕಡೆಯಿಂದ ರೈಲು ಅಲ್ಲಿಗೆ ಬಂದಿತು. ಅಲ್ಲಿಂದ ಎದುರುದಡದ ಸ್ಟಾವರನ್ನಿಗೆ ಹಬೆಯ ಹಡಗುಗಳು ಓಡಾಡಿದುವು. ತರಕಾರಿ ಹೂವುಗಳ ಬಿತ್ತನೆಬೀಜದ ವ್ಯಾಪಾರವು ಬೆಳೆಯಿತು. ಕೆಡವಿದ ಬೀದಿಗಳ ನೆಲದ ಮೇಲೆ ಮತ್ತೆ ಮನೆಗಳೆದ್ದುವು. ಒಳಗಡಲಿನ ಮೀನುಗಾರಿಕೆಯು ಮಾತ್ರ ೧೯೩೨ರಲ್ಲಿ ಕೊನೆಯ ಪೆಟ್ಟು ತಿಂದಿತು. ಆ ವರ್ಷ ಜೈಡರ್ ಜೀಯ ಬಾಯಿಗೆ ಸುಮಾರು ೨೦ ಮೈಲಿ ಉದ್ದದ ಕಟ್ಟೆಯನ್ನು ಹಾಕಿ ಮುಗಿಸಿದುದರಿಂದ ಉಪ್ಪುನೀರಿನ ಕಡಲು ಸಿಹಿನೀರಿನ ಕೆರೆಯಾಗಿ, ಐಸಲ್ ಮೇರ್ ಎಂಬ ಹೊಸ ಹೆಸರನ್ನು ಪಡೆಯಿತು. ಮೂರು ಮೀನುಗಳ ಲಾಂಛನವುಳ್ಳ ಊರಿನ ಮುಂದೆ ಆ ಮೀನು ಬದುಕುವ ನೀರೇ ಇಲ್ಲವಾಯಿತು. ಆ ಕಡಲಿನ ಜೀವನವನ್ನು ಕುರಿತ ವಸ್ತುಸಂಗ್ರಹಾಲಯವು ೧೯೫೦ರಲ್ಲಿ ಎಂಕ್‌ಹೈಜನ್ನಿನಲ್ಲಿಯೇ ತೆರೆಯಲ್ಪಟ್ಟಿತು. ಅದಕ್ಕೆ ದೊರೆತ ಕಟ್ಟಡವು ಹಿಂದೆ ಕಂಪನಿಯ ಉಗ್ರಾಣವಾಗಿದ್ದ, ಇಂದಿಗೂ ‘ಮೆಣಸಿನ ಮನೆ’ ಎಂದೇ ಕರೆಯಲ್ಪಡುವ ಹಳೆಯ ಮನೆ.

ಸ್ಪ್ರಿಂಗರನು ೧೮೯೧ರಲ್ಲಿ ಹಿಲ್ವರ್ಸಂ ಎಂಬಲ್ಲಿ ತೀರಿಕೊಂಡನು. ಅಷ್ಟು ಹೊತ್ತಿಗೆ ಎಂಕ್‌ಹೈಜನ್ನಿಗೆ ರೈಲು ಬಂದು ಆರು ವರ್ಷಗಳಾಗಿದ್ದುವು.